ಧೂಳಿನ ದಾರಿಯಲ್ಲಿ ಡೀಸೆಲ್ ಪಿಕಪ್: ಎಂಜಿನ್ನಿನ ಗಾಳಿ ವ್ಯವಸ್ಥೆಯ ಸುಧಾರಣೆ

ಕಲಬುರಗಿ ಜಿಲ್ಲೆಯ ವ್ಯಾಪಾರ ವಹಿವಾಟಿನಲ್ಲಿ ಡೀಸೆಲ್ ಪಿಕಪ್ ವಾಹನದ ಪಾತ್ರ ದೊಡ್ಡದು. ರಾಶಿ ಮುಗಿದ ಹೊಲದಿಂದ ಮಾರುಕಟ್ಟೆಯ ಪ್ರಾಂಗಣಕ್ಕೆ ತೊಗರಿ, ಪ್ರಾಂಗಣದಿಂದ ದಾಲ್‌ಮಿಲ್ಲಿಗೆ ಕಾಳು, ಮಿಲ್ಲಿನಿಂದ ಅಂಗಡಿಗಳಿಗೆ ಬೇಳೆ ಸಾಗುವಾಗ ಈ ವಾಹನಗಳು ಬೇಕೇ ಬೇಕು. ಕಮಲಾಪುರದ ಹೆಸರಾಂತ ಕೆಂಪು ಬಾಳೆ ತೋಟದಿಂದ ನಗರದ ಪೇಟೆಗೆ ಬರುವುದಕ್ಕೂ ಇವೇ ಆಸರೆ. ಕಲಬುರಗಿಯಿಂದ ಕಮಲಾಪುರದ ಮೂಲಕ ಹುಮನಾಬಾದಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 50 ಡಾಂಬರಿನ ದಾರಿಯೇ ಆದರೂ, ಸರಕು ತುಂಬುವ ಸ್ಥಳಗಳಾದ ಹೊಲದ ಬದು, ತಾಂಡಾದ ಕಚ್ಚಾ ರಸ್ತೆ, ಕಲ್ಲುಗಣಿಯ ಅಂಗಳಗಳು ಧೂಳಿನಿಂದ ಕೂಡಿರುತ್ತವೆ. ವಾಹನದ ಎಂಜಿನ್ ಸವೆಯುವುದು ಬಹುಪಾಲು ಆ ಕೊನೆಯ ಮೂರು ನಾಲ್ಕು ಕಿಲೋಮೀಟರುಗಳಲ್ಲಿಯೇ.

ವಾಹನದ ಗಾಳಿ ವ್ಯವಸ್ಥೆಯನ್ನು ಬದಲಿಸಿದರೆ ಎಳೆಯುವ ಶಕ್ತಿಯೂ ಮೈಲೇಜೂ ಹೆಚ್ಚುತ್ತವೆ ಎಂಬ ಮಾತು ಬಿಡಿಭಾಗಗಳ ಪೇಟೆಯಲ್ಲಿ ಆಗಾಗ ಕೇಳಿಬರುತ್ತದೆ. ಕಾರ್ಖಾನೆಯಿಂದ ಬಂದ ಫಿಲ್ಟರ್ ಪೆಟ್ಟಿಗೆಯನ್ನು ತೆಗೆದು, ಆ ಜಾಗದಲ್ಲಿ ಶಂಕುವಿನಾಕಾರದ ತೆರೆದ ಫಿಲ್ಟರ್ ಜೋಡಿಸುವುದು ಇಂತಹ ಬದಲಾವಣೆಗಳಲ್ಲಿ ಮುಖ್ಯವಾದುದು. ಈ ಬದಲಾವಣೆ ಲಾಭದಾಯಕವೇ? ಅಲ್ಲವಾದಲ್ಲಿ ಯಾವುದು ನಿಜವಾದ ಸುಧಾರಣೆ? ಪಿಕಪ್ ವಾಹನವನ್ನು ಬಂಡವಾಳವೆಂದು ಕಾಣುವ ವ್ಯಾಪಾರಸ್ಥರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಈ ಪ್ರಶ್ನೆಗಳನ್ನು ಲೆಕ್ಕ ಹಾಕಿ ನೋಡುವುದು ಒಳಿತು.

ಎಂಜಿನ್ ಎಷ್ಟು ಗಾಳಿಯನ್ನು ಸೇವಿಸುತ್ತದೆ?

ಈ ಭಾಗದಲ್ಲಿ ಬಳಕೆಯಲ್ಲಿರುವ ಮಹೀಂದ್ರ ಬೊಲೆರೊ ಪಿಕಪ್ಪಿನ ಸುಮಾರು 2.5 ಲೀಟರ್ ಸಾಮರ್ಥ್ಯದ ನಾಲ್ಕು ಸಿಲಿಂಡರುಗಳ ಎಂಜಿನ್ನನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಪೂರ್ಣ ಸಾಮರ್ಥ್ಯದಷ್ಟು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 2,000 ಸುತ್ತಿನ ವೇಗದಲ್ಲಿ ಇದು ಸುಮಾರು 2,500 ಲೀಟರ್, ಅಂದರೆ ಗಂಟೆಗೆ 150 ಘನ ಮೀಟರ್ ಆಗುತ್ತದೆ. ಟರ್ಬೊಚಾರ್ಜರ್ ಗಾಳಿಯನ್ನು ಒತ್ತಿ ತುಂಬುವಾಗ ಈ ಪ್ರಮಾಣ ಇನ್ನೂ ಹೆಚ್ಚುತ್ತದೆ. ಎರಡು ಗಂಟೆಗಳ ಓಡಾಟದಲ್ಲಿ ಎಂಜಿನ್ನಿನೊಳಗೆ ಹೋಗುವ ಗಾಳಿಯ ತೂಕ 3 ಕ್ವಿಂಟಲ್ ಮೀರುತ್ತದೆ. ಅದೇ ಅವಧಿಯಲ್ಲಿ ಉರಿಯುವ ಡೀಸೆಲ್ ಕೆಲವೇ ಲೀಟರ್. ಡೀಸೆಲ್ಲಿನ ಗುಣಮಟ್ಟದ ಬಗ್ಗೆ ಇರುವ ಎಚ್ಚರಿಕೆ ಗಾಳಿಯ ವಿಷಯದಲ್ಲಿ ಇಲ್ಲದಿರುವುದು ಸರಿಯಲ್ಲ ಎಂಬುದು ಈ ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ.

ಹೆಚ್ಚು ಗಾಳಿ ಎಂದರೆ ಹೆಚ್ಚು ಶಕ್ತಿಯೇ?

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ಪ್ರಮಾಣವನ್ನು ನಿಯಂತ್ರಿಸಿ ಶಕ್ತಿಯನ್ನು ನಿಯಂತ್ರಿಸಲಾಗುತ್ತದೆ. ಡೀಸೆಲ್ ಎಂಜಿನ್ನಿನ ರೀತಿ ಬೇರೆ. ಇಲ್ಲಿ ಶಕ್ತಿಯನ್ನು ನಿರ್ಧರಿಸುವುದು ಸಿಂಪಡಿಸಲಾಗುವ ಇಂಧನದ ಪ್ರಮಾಣ. ಒಂದು ಕಿಲೋ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು 14.5 ಕಿಲೋ ಗಾಳಿ ಸಾಕು. ಆದರೆ ಡೀಸೆಲ್ ಎಂಜಿನ್ ಪೂರ್ಣ ಹೊರೆಯಲ್ಲಿಯೂ ಅದಕ್ಕಿಂತ ಹೆಚ್ಚು ಗಾಳಿಯೊಂದಿಗೆ ಕೆಲಸ ಮಾಡುತ್ತದೆ, ಕಡಿಮೆ ಹೊರೆಯಲ್ಲಿ ಹೆಚ್ಚುವರಿ ಗಾಳಿ ಹಲವು ಪಟ್ಟು ಇರುತ್ತದೆ. ಆದ್ದರಿಂದ ಇಂಧನದ ಪ್ರಮಾಣವನ್ನು ಬದಲಿಸದೆ ಗಾಳಿಯ ದಾರಿಯನ್ನು ಮಾತ್ರ ಅಗಲಿಸಿದರೆ ಶಕ್ತಿಯಲ್ಲಿ ಗಮನಾರ್ಹ ಏರಿಕೆಯನ್ನು ನಿರೀಕ್ಷಿಸಲಾಗದು. ತೆರೆದ ಫಿಲ್ಟರ್ ಹಾಕಿದ ಮೇಲೆ ಕೇಳಿಸುವ ಗಾಳಿಯ ಗಟ್ಟಿ ಸದ್ದನ್ನೇ ಅನೇಕರು ಶಕ್ತಿಯೆಂದು ಭಾವಿಸುವುದುಂಟು.

ಮೈಲೇಜಿನ ವಿಷಯವೂ ಇದೇ ಬಗೆಯದು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯವು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂಪ್ಯೂಟರ್ ನಿಯಂತ್ರಿತ ಆಧುನಿಕ ಪೆಟ್ರೋಲ್ ಕಾರುಗಳ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜಿನಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ವೇಗವನ್ನು ಹೆಚ್ಚಿಸಿಕೊಳ್ಳುವ ಸಾಮರ್ಥ್ಯ ಮಾತ್ರ ಕುಂದಿತು. ಡೀಸೆಲ್ ವಾಹನದಲ್ಲಿ ಫಿಲ್ಟರ್ ತೀರಾ ಕಟ್ಟಿಕೊಂಡರೆ ಹೊರೆ ಎಳೆಯುವಾಗ ಕಪ್ಪು ಹೊಗೆ ಬರುತ್ತದೆ, ಟರ್ಬೊಚಾರ್ಜರಿನ ಮೇಲೆ ಒತ್ತಡ ಬೀಳುತ್ತದೆ. ಇದಕ್ಕೆ ಪರಿಹಾರ ಸರಿಯಾದ ಹೊಸ ಫಿಲ್ಟರ್. ಧೂಳನ್ನು ಸುಲಭವಾಗಿ ಒಳಬಿಡುವ ಫಿಲ್ಟರ್ ಇದಕ್ಕೆ ಪರಿಹಾರವಲ್ಲ.

ಈ ಭಾಗದ ಧೂಳಿನ ಗುಣ

ಎಲ್ಲ ಧೂಳೂ ಒಂದೇ ಅಲ್ಲ. ಎರೆ ಭೂಮಿಯ ಕಪ್ಪು ಮಣ್ಣು ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್ ಶಿಲೆ ಸವೆದು ಆದದ್ದು. ಒಣಗಿದಾಗ ಅದು ಹಿಟ್ಟಿನಂತೆ ಹಾರುತ್ತದೆ. ಶಿಲೆಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಸ್ಫಟಿಕ ಶಿಲೆಯ ಮರಳಿನ ಕಣ 7ರ ಸ್ಥಾನದಲ್ಲಿದೆ; ಬಸಾಲ್ಟಿನಲ್ಲಿರುವ ಫೆಲ್ಡ್‌ಸ್ಪಾರ್ ಖನಿಜದ್ದು 6. ಇಂತಹ ಕಣಗಳು ಸಿಲಿಂಡರ್ ಲೈನರಿನ ಎರಕದ ಕಬ್ಬಿಣವನ್ನು ಗೀರಬಲ್ಲವು. ಶಹಾಬಾದ್, ವಾಡಿ, ಸೇಡಂ ಕಡೆಯ ಸುಣ್ಣಕಲ್ಲಿನ ಪುಡಿ ಗಡಸುತನದಲ್ಲಿ 3 ಮಾತ್ರ. ಅದರ ಗೀರುವ ಗುಣ ಕಡಿಮೆ. ಆದರೆ ಸಿಮೆಂಟಿನ ಪುಡಿ ತೇವ ತಗುಲಿದರೆ ಫಿಲ್ಟರಿನ ಕಾಗದದ ಮೇಲೆಯೇ ಗಟ್ಟಿಯಾಗಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ದಾಲ್‌ಮಿಲ್ಲಿನ ಅಂಗಳದಲ್ಲಿ ಹಾರುವ ಹೊಟ್ಟು ಹಗುರವಾದುದು. ಅದು ಎಂಜಿನ್ನನ್ನು ಸವೆಸುವುದಕ್ಕಿಂತ ಹೆಚ್ಚಾಗಿ ಫಿಲ್ಟರಿನ ಮಡಿಕೆಗಳನ್ನು ಬೇಗ ತುಂಬುತ್ತದೆ.

ಕಣ್ಣಿಗೆ ಕಾಣುವ ದಪ್ಪ ಧೂಳಿಗಿಂತ ಕಾಣದ ಸೂಕ್ಷ್ಮ ಧೂಳೇ ಹೆಚ್ಚು ಅಪಾಯಕಾರಿ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಎಂಜಿನ್ನಿಗೆ ಹೆಚ್ಚು ಹಾನಿ ಮಾಡುವ ಕಣಗಳು ಸಾಮಾನ್ಯವಾಗಿ 5ರಿಂದ 20 ಮೈಕ್ರಾನ್ ಗಾತ್ರದವು. ಪಿಸ್ಟನ್ ರಿಂಗ್ ಹಾಗೂ ಲೈನರಿನ ನಡುವಿನ ತೆಳುವಾದ ಆಯಿಲ್ ಪದರದಲ್ಲಿ ಸೇರಿ ಅವು ಸಾಣೆಯ ಪುಡಿಯಂತೆ ಕೆಲಸ ಮಾಡುತ್ತವೆ. ರಿಂಗ್ ಸವೆದಂತೆ ಕಂಪ್ರೆಷನ್ ಕುಂದುತ್ತದೆ, ಆಯಿಲ್ ಉರಿಯತೊಡಗುತ್ತದೆ, ಬೆಳಗಿನ ಹೊತ್ತು ಎಂಜಿನ್ ಚಾಲೂ ಆಗಲು ತಡವಾಗುತ್ತದೆ.

ಶೇಕಡಾವಾರಿನ ಹಿಂದಿರುವ ನಿಜಾಂಶ

ಒಂದು ಫಿಲ್ಟರ್ ಶೇ. 99.5ರಷ್ಟು, ಇನ್ನೊಂದು ಶೇ. 97ರಷ್ಟು ಧೂಳು ತಡೆಯುತ್ತದೆ ಎಂದು ಹೇಳಿದರೆ ಕೊಳ್ಳುವವರಿಗೆ ಎರಡೂ ಹೆಚ್ಚು ಕಡಿಮೆ ಒಂದೇ ಎನಿಸುತ್ತದೆ. ಲೆಕ್ಕ ಹಾಕಿದರೆ ವ್ಯತ್ಯಾಸ ತಿಳಿಯುತ್ತದೆ. ಕಚ್ಚಾ ರಸ್ತೆಯ ಗಾಳಿಯಲ್ಲಿ ಒಂದು ಘನ ಮೀಟರಿಗೆ 20 ಮಿಲಿಗ್ರಾಂ ಧೂಳಿದೆ ಎಂದೂ, ವಾಹನವು ವರ್ಷಕ್ಕೆ 200 ಗಂಟೆ ಅಂತಹ ರಸ್ತೆಯಲ್ಲಿ ಓಡುತ್ತದೆ ಎಂದೂ ಇಟ್ಟುಕೊಳ್ಳೋಣ. ಗಂಟೆಗೆ 150 ಘನ ಮೀಟರಿನಂತೆ ಫಿಲ್ಟರಿನ ಬಾಗಿಲಿಗೆ ಬರುವ ಧೂಳು ವರ್ಷಕ್ಕೆ 600 ಗ್ರಾಂ. ಶೇ. 99.5ರ ಫಿಲ್ಟರ್ ಇದರಲ್ಲಿ 3 ಗ್ರಾಂ ಮಾತ್ರ ಒಳಬಿಡುತ್ತದೆ, ಶೇ. 97ರ ಫಿಲ್ಟರ್ 18 ಗ್ರಾಂ ಒಳಬಿಡುತ್ತದೆ. ತಡೆಯುವ ಅಂಕಿಯಲ್ಲಿ ಅಂತರ ಎರಡೂವರೆ, ಒಳನುಗ್ಗುವ ಧೂಳಿನಲ್ಲಿ ಆರು ಪಟ್ಟು! ಇನ್ನು ಅತ್ಯುತ್ತಮ ಫಿಲ್ಟರನ್ನೇ ಹಾಕಿದ್ದರೂ ಸಡಿಲವಾದ ಪೈಪಿನ ಮೂಲಕ ಹತ್ತರಲ್ಲೊಂದು ಭಾಗ ಗಾಳಿ ಒಳಸೇರಿದರೆ, ಅದರೊಡನೆ 60 ಗ್ರಾಂ ಧೂಳು ನೇರವಾಗಿ ಎಂಜಿನ್ ಸೇರುತ್ತದೆ.

ಈ ಕಾರಣದಿಂದ ಫಿಲ್ಟರ್ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಗಾಳಿ ಬಿಡುತ್ತದೆ’ ಎಂಬುದಲ್ಲ, ‘ಎಷ್ಟು ಧೂಳು ತಡೆಯುತ್ತದೆ’ ಎಂಬುದು. ಏರ್ ಕ್ಲೀನರುಗಳ ಪರೀಕ್ಷೆಗೆ ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರಂತೆ ನಡೆದ ಪರೀಕ್ಷೆಯ ಫಲಿತಾಂಶವನ್ನು ಮಾರಾಟಗಾರರಿಂದ ಕೇಳಿ ಪಡೆಯುವುದು ಗ್ರಾಹಕರಿಗೆ ಕ್ಷೇಮಕರ.

ಮೊದಲು ಪರೀಕ್ಷೆ, ನಂತರ ಖರೀದಿ

ಹೊಸದನ್ನು ಜೋಡಿಸುವ ಮೊದಲು ಇರುವ ವ್ಯವಸ್ಥೆಯನ್ನು ಪರೀಕ್ಷಿಸಬೇಕು. ತೊಗರಿ ರಾಶಿಯ ಕಾಲ ಆರಂಭವಾಗುವ ಮುನ್ನ, ಅಂದರೆ ನವೆಂಬರ್ ತಿಂಗಳಿನಲ್ಲಿ, ಈ ಕೆಳಗಿನ ಐದು ಪರೀಕ್ಷೆಗಳನ್ನು ಮಾಡಿಸುವುದು ಸೂಕ್ತ.

1. ಬಿಳಿ ಬಟ್ಟೆಯ ಪರೀಕ್ಷೆ: ಎಂಜಿನ್ ನಿಲ್ಲಿಸಿ, ಫಿಲ್ಟರಿನಿಂದ ಎಂಜಿನ್ನಿನ ಕಡೆಗೆ ಹೋಗುವ ಪೈಪನ್ನು ಬಿಚ್ಚಿ, ಒಳಮೈಯನ್ನು ಶುಭ್ರವಾದ ಬಿಳಿ ಬಟ್ಟೆಯಿಂದ ಒರೆಸಬೇಕು. ಬಟ್ಟೆಗೆ ಮಣ್ಣಿನ ಬಣ್ಣ ಹತ್ತಿದರೆ ಫಿಲ್ಟರಿನಲ್ಲಿ ಅಥವಾ ಜೋಡಣೆಯಲ್ಲಿ ಸೋರಿಕೆ ಇದೆಯೆಂದು ತಿಳಿಯಬೇಕು.

2. ಪೈಪು ಮತ್ತು ಕ್ಲಾಂಪು: ರಬ್ಬರ್ ಪೈಪಿನ ಮಡಿಕೆಗಳನ್ನು ಹಿಗ್ಗಿಸಿ ನೋಡಿದರೆ ಸಣ್ಣ ಬಿರುಕುಗಳು ಕಾಣುತ್ತವೆ. ಫಿಲ್ಟರ್ ಹಾಗೂ ಟರ್ಬೊಚಾರ್ಜರಿನ ನಡುವಿನ ಬಿರುಕು ಅತ್ಯಂತ ಹಾನಿಕರ. ಅಲ್ಲಿ ಗಾಳಿ ಶೋಧನೆಯಿಲ್ಲದೆ ಒಳಕ್ಕೆ ಎಳೆಯಲ್ಪಡುತ್ತದೆ. ತಂತಿ ಸುತ್ತಿ ಬಿಗಿದ ಜೋಡಣೆಯನ್ನು ತೆಗೆದು ಸರಿಯಾದ ಕ್ಲಾಂಪ್ ಹಾಕಿಸಬೇಕು.

3. ಫಿಲ್ಟರಿನ ಅಂಚು: ಅಂಚಿನ ರಬ್ಬರ್ ಅಥವಾ ಫೋಮ್ ಸುತ್ತಲೂ ಸಮವಾಗಿ ಒತ್ತಿದ ಗುರುತು ಇರಬೇಕು. ಒಂದು ಕಡೆ ಗುರುತು ಇಲ್ಲದಿದ್ದರೆ ಅಲ್ಲಿಂದ ಧೂಳು ದಾಟುತ್ತಿದೆ ಎಂದರ್ಥ. ಅಗ್ಗದ ನಕಲಿ ಫಿಲ್ಟರುಗಳ ಅಳತೆ ತುಸು ಹೆಚ್ಚು ಕಡಿಮೆ ಇರುವುದರಿಂದ ಈ ದೋಷ ಬರುತ್ತದೆ.

4. ಬಲ್ಬಿನ ಪರೀಕ್ಷೆ: ಫಿಲ್ಟರಿನ ಒಳಗಡೆ ಬಲ್ಬ್ ಹಿಡಿದು ಕತ್ತಲೆಯಲ್ಲಿ ಹೊರಗಿನಿಂದ ನೋಡಬೇಕು. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆ ನೇರವಾಗಿ ಕಂಡರೂ ಆ ಫಿಲ್ಟರನ್ನು ಬಳಸಬಾರದು.

5. ಧೂಳು ಬೀಳಿಸುವ ರಬ್ಬರ್ ಕವಾಟ: ಕೆಲವು ಫಿಲ್ಟರ್ ಪೆಟ್ಟಿಗೆಗಳ ತಳದಲ್ಲಿ ತುಟಿಯಾಕಾರದ ಸಣ್ಣ ರಬ್ಬರ್ ಕವಾಟ ಇರುತ್ತದೆ. ದಪ್ಪ ಧೂಳನ್ನೂ ನೀರನ್ನೂ ಹೊರಹಾಕುವುದು ಇದರ ಕೆಲಸ. ಅದು ಕಳೆದುಹೋಗಿದ್ದರೆ ಅಥವಾ ಗಟ್ಟಿಯಾಗಿದ್ದರೆ ಕೂಡಲೇ ಬದಲಿಸಬೇಕು.

ಹೆಚ್ಚು ವಾಹನಗಳನ್ನು ಹೊಂದಿರುವವರು ಬಳಸಿದ ಎಂಜಿನ್ ಆಯಿಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷೆ ಮಾಡಿಸಬಹುದು. ಆಯಿಲಿನಲ್ಲಿ ಸಿಲಿಕಾನ್ ಹಾಗೂ ಕಬ್ಬಿಣದ ಅಂಶ ಎರಡೂ ಒಟ್ಟಿಗೆ ಏರುತ್ತಿದ್ದರೆ ಮಣ್ಣು ಒಳಸೇರಿ ಎಂಜಿನ್ ಸವೆಯುತ್ತಿರುವ ಶಂಕೆಗೆ ಬಲ ಬರುತ್ತದೆ.

ಯಾವ ಸುಧಾರಣೆಗೆ ಹಣ ಹಾಕಬಹುದು?

ಪರೀಕ್ಷೆಯಲ್ಲಿ ಕಂಡ ದೋಷಗಳನ್ನು ಸರಿಪಡಿಸಿದ ಮೇಲೆ ಸುಧಾರಣೆಯ ಮಾತು ಬರುತ್ತದೆ. ಮೊದಲನೆಯದು, ಫಿಲ್ಟರ್ ಎಷ್ಟು ಕಟ್ಟಿಕೊಂಡಿದೆ ಎಂಬುದನ್ನು ತೋರಿಸುವ ಸೂಚಕ. ಫಿಲ್ಟರ್ ಮತ್ತು ಎಂಜಿನ್ನಿನ ನಡುವೆ ಜೋಡಿಸಲಾಗುವ ಈ ಸಣ್ಣ ಸಾಧನ ಗಾಳಿಯ ಎಳೆತದ ಒತ್ತಡವನ್ನು ಅಳೆಯುತ್ತದೆ. ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಈ ಒತ್ತಡದ ಮಿತಿ ಸಾಮಾನ್ಯವಾಗಿ 5ರಿಂದ 6 ಕಿಲೋಪ್ಯಾಸ್ಕಲ್ ಆಸುಪಾಸಿನಲ್ಲಿ ಇರುತ್ತದೆ. ಪಿಕಪ್ಪಿಗೆ ತಯಾರಕರು ಸೂಚಿಸಿದ ಮಿತಿಯೇ ಪ್ರಮಾಣ. ಸೂಚಕವಿದ್ದರೆ ಫಿಲ್ಟರನ್ನು ಅಂದಾಜಿನ ಮೇಲೆ ಬದಲಿಸುವ ಪ್ರಮೇಯ ಬರುವುದಿಲ್ಲ.

ಎರಡನೆಯದು, ಪ್ರೀ-ಕ್ಲೀನರ್. ಇದು ಗಾಳಿಯನ್ನು ಸುಳಿಯಂತೆ ತಿರುಗಿಸಿ ಭಾರವಾದ ಕಣಗಳನ್ನು ಅಂಚಿಗೆ ಎಸೆದು ಹೊರಹಾಕುತ್ತದೆ. ಟ್ರ್ಯಾಕ್ಟರುಗಳ ಬಾನೆಟ್ಟಿನ ಮೇಲೆ ಕಾಣುವ ಬಟ್ಟಲಿನಾಕಾರದ ಸಾಧನ ಇದೇ ಜಾತಿಯದು. ಇದು ಸೂಕ್ಷ್ಮ ಧೂಳನ್ನು ತಡೆಯಲಾರದು. ಆದರೆ ದಪ್ಪ ಧೂಳನ್ನು ಮೊದಲೇ ತೆಗೆದು ಮುಖ್ಯ ಫಿಲ್ಟರಿನ ಬಾಳಿಕೆಯನ್ನು ಹೆಚ್ಚಿಸುತ್ತದೆ. ಗಣಿ, ಕ್ರಷರ್ ಹಾಗೂ ಹೊಲಗಳಿಗೆ ದಿನವೂ ಹೋಗುವ ವಾಹನಗಳಿಗೆ ಇದು ಉಪಯುಕ್ತ. ಎಂಜಿನ್ನಿನ ಗಾಳಿಯ ಅಗತ್ಯಕ್ಕೆ ತಕ್ಕ ಅಳತೆಯದನ್ನೇ ಆರಿಸಬೇಕು. ಅಳತೆ ದೊಡ್ಡದಾದರೆ ಸುಳಿ ದುರ್ಬಲವಾಗುತ್ತದೆ, ಚಿಕ್ಕದಾದರೆ ಗಾಳಿಗೆ ತಡೆಯಾಗುತ್ತದೆ.

ಮೂರನೆಯದು, ತಂಪು ಗಾಳಿ. ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 43 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಬಾನೆಟ್ಟಿನ ಒಳಗಿನ ಗಾಳಿ 65 ಡಿಗ್ರಿ ಇದೆಯೆಂದು ಭಾವಿಸಿದರೆ, ಆ ಗಾಳಿಯ ಸಾಂದ್ರತೆ ಹೊರಗಿನ ಗಾಳಿಗಿಂತ ಶೇ. 6ಕ್ಕೂ ಹೆಚ್ಚು ಕಡಿಮೆ. ತೆರೆದ ಫಿಲ್ಟರ್ ಈ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಕಾರ್ಖಾನೆಯ ಪೆಟ್ಟಿಗೆ ಮತ್ತು ಅದರ ಮೂತಿ ಸಾಮಾನ್ಯವಾಗಿ ಹೊರಗಿನ ಗಾಳಿಯನ್ನು ತರುತ್ತವೆ. ರಿಪೇರಿಯ ವೇಳೆ ಈ ಮೂತಿಯನ್ನು ಕಳಚಿಟ್ಟು ಮರೆತಿದ್ದರೆ ಮರಳಿ ಜೋಡಿಸುವುದೇ ಅಗ್ಗದ ಸುಧಾರಣೆ. ಟರ್ಬೊಚಾರ್ಜರಿನಿಂದ ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೊರಮೈಗೆ ಅಂಟಿದ ಕೆಸರು ಮತ್ತು ಹೊಟ್ಟನ್ನು ತೆಗೆಯುವುದೂ ಇದೇ ಸಾಲಿಗೆ ಸೇರುತ್ತದೆ.

ಗಾಳಿಯ ಮೂತಿಯನ್ನು ಎತ್ತರಕ್ಕೆ ಒಯ್ಯುವ ಪದ್ಧತಿಯೂ ಇದೆ. ಚಕ್ರಗಳು ಎಬ್ಬಿಸುವ ಧೂಳು ನೆಲದ ಸಮೀಪ ದಟ್ಟವಾಗಿಯೂ ಮೇಲೆ ವಿರಳವಾಗಿಯೂ ಇರುವುದರಿಂದ ಇದರಲ್ಲಿ ತಥ್ಯವಿದೆ. ಆದರೆ ಹೆಚ್ಚಾಗುವ ಪ್ರತಿ ಜೋಡಣೆಯೂ ಸೋರಿಕೆಯ ಹೊಸ ಸ್ಥಳವಾಗಬಲ್ಲದು. ಮಳೆಗಾಲದಲ್ಲಿ ನೀರು ಒಳಸೇರದಂತೆ ಮೂತಿಗೆ ಮರೆಯೂ ಇರಬೇಕು. ಸಿಲಿಂಡರಿಗೆ ನೀರು ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿರುವುದರಿಂದ ತುಂಬಿ ಹರಿಯುವ ಹಳ್ಳವನ್ನು ದಾಟುವ ಸಾಹಸ ಯಾವ ವಾಹನಕ್ಕೂ ಸಲ್ಲದು.

ಸ್ವಚ್ಛತೆಯ ಹೆಸರಿನಲ್ಲಿ ಆಗುವ ಹಾನಿ

ಕಾಗದದ ಫಿಲ್ಟರ್ ಸ್ವಲ್ಪ ಧೂಳು ಕುಳಿತ ಮೇಲೆ ಹೊಸದಕ್ಕಿಂತ ಚೆನ್ನಾಗಿ ಶೋಧಿಸುತ್ತದೆ. ಕುಳಿತ ಧೂಳಿನ ಪದರವೇ ಸೂಕ್ಷ್ಮ ಕಣಗಳನ್ನು ತಡೆಯುತ್ತದೆ. ಆದ್ದರಿಂದ ದಿನವೂ ಬಿಚ್ಚಿ ಊದುವುದು ಒಳ್ಳೆಯ ಅಭ್ಯಾಸವಲ್ಲ. ಪ್ರತಿ ಬಾರಿ ತೆರೆದಾಗಲೂ ಪೆಟ್ಟಿಗೆಯ ಧೂಳು ಶುದ್ಧ ಭಾಗಕ್ಕೆ ಬೀಳುವ ಸಂಭವವಿದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಪೂರ್ಣ ಒತ್ತಡದ ಗಾಳಿ ಕಾಗದದ ರಂಧ್ರಗಳನ್ನು ಹರಿಯುತ್ತದೆ. ಅನಿವಾರ್ಯವಾದಲ್ಲಿ 2 ಬಾರ್ ಮೀರದ ಒತ್ತಡದಲ್ಲಿ, ಒಳಗಿನಿಂದ ಹೊರಗೆ, ದೂರದಿಂದ ಊದಬೇಕು. ನೆಲಕ್ಕೆ ಬಡಿಯುವುದು, ಡೀಸೆಲ್ಲಿನಲ್ಲಿ ಅಥವಾ ನೀರಿನಲ್ಲಿ ತೊಳೆಯುವುದು ಸರ್ವಥಾ ವರ್ಜ್ಯ.

ತೊಳೆದು ಎಣ್ಣೆ ಹಚ್ಚಿ ಮತ್ತೆ ಮತ್ತೆ ಬಳಸುವ ಹತ್ತಿಯ ಫಿಲ್ಟರುಗಳ ವಿಷಯದಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ವಾಹನಗಳಲ್ಲಿ ಒಳಬರುವ ಗಾಳಿಯನ್ನು ಅಳೆಯುವ ಸೂಕ್ಷ್ಮ ಸೆನ್ಸರ್ ಇರುತ್ತದೆ. ಹೆಚ್ಚಾದ ಎಣ್ಣೆ ಅದರ ಮೇಲೆ ಕುಳಿತರೆ ಅಳತೆ ತಪ್ಪುತ್ತದೆ. ಇಂಧನದ ಮತ್ತು ಹೊಗೆ ನಿಯಂತ್ರಣದ ಲೆಕ್ಕವೂ ತಪ್ಪುತ್ತದೆ.

ಕಾನೂನು, ವಾರಂಟಿ ಮತ್ತು ತೆರಿಗೆ

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲು ಮಾಲೀಕರಿಗೆ ಅಧಿಕಾರವಿಲ್ಲ. 2019ರಲ್ಲಿ ತಿದ್ದುಪಡಿಯಾದ 182-ಎ ಕಲಮು, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ತಯಾರಕರು ಸೂಚಿಸಿದ ಮಾದರಿಯ ಫಿಲ್ಟರನ್ನು ಬದಲಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಪೆಟ್ಟಿಗೆಯನ್ನೇ ಕಿತ್ತು ಬೇರೆ ವ್ಯವಸ್ಥೆ ಮಾಡುವಾಗ, ಮೂತಿಯನ್ನು ಹೊರಗೆ ಎತ್ತರಿಸುವಾಗ, ಅಧಿಕೃತ ಸರ್ವಿಸ್ ಕೇಂದ್ರ ಹಾಗೂ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ ಉತ್ತರವನ್ನು ಲಿಖಿತವಾಗಿ ಪಡೆಯುವುದು ಲೇಸು. ವಾರಂಟಿಯ ಅವಧಿಯಲ್ಲಿ ಇಂತಹ ಬದಲಾವಣೆ ಮಾಡಿದರೆ ಎಂಜಿನ್ನಿನ ಕ್ಲೇಮು ತಿರಸ್ಕೃತವಾಗಲು ಆಸ್ಪದ ಕೊಟ್ಟಂತಾಗುತ್ತದೆ.

ಸರಕು ಸಾಗಣೆಯ ವಾಹನದ ದುರಸ್ತಿ ಹಾಗೂ ಬಿಡಿಭಾಗಗಳ ಮೇಲೆ ತೆತ್ತ ಜಿಎಸ್‌ಟಿಯನ್ನು, ತೆರಿಗೆಗೊಳಪಡುವ ವ್ಯವಹಾರಕ್ಕೆ ಬಳಸಿದ ಮಟ್ಟಿಗೆ, ಸಾಮಾನ್ಯ ನೋಂದಣಿಯ ವ್ಯಾಪಾರಸ್ಥರು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಬಿಲ್ಲಿನೊಡನೆ ಕೊಳ್ಳುವುದರಿಂದ ಜಮೆಯ ಜೊತೆಗೆ, ನಕಲಿ ಮಾಲು ಬಂದಲ್ಲಿ ಪ್ರಶ್ನಿಸಲು ದಾಖಲೆಯೂ ದೊರೆಯುತ್ತದೆ.

ಲಾಭ ನಷ್ಟದ ತಖ್ತೆ

ಈ ಕೆಳಗಿನ ಅಂಕಿಗಳು ವಿವರಣೆಗಾಗಿ ಮಾತ್ರ. ಓದುಗರು ತಮ್ಮ ಲೆಕ್ಕದ ಪುಸ್ತಕದ ಅಂಕಿಗಳನ್ನು ಇವುಗಳ ಜಾಗದಲ್ಲಿ ಇಟ್ಟು ನೋಡಬಹುದು. ವರ್ಷಕ್ಕೆ 30,000 ಕಿಲೋಮೀಟರ್ ಓಡುವ, ಲೀಟರಿಗೆ 12 ಕಿಲೋಮೀಟರ್ ಕೊಡುವ ಪಿಕಪ್ಪಿಗೆ 2,500 ಲೀಟರ್ ಡೀಸೆಲ್ ಬೇಕು. ತೆರೆದ ಫಿಲ್ಟರಿನಿಂದ ಶೇ. 1ರಷ್ಟು ಉಳಿತಾಯ ನಿಜವಾಗಿಯೂ ಆಯಿತೆಂದು ಒಪ್ಪಿಕೊಂಡರೂ, ಲೀಟರಿಗೆ 90 ರೂಪಾಯಿಯಂತೆ ವರ್ಷಕ್ಕೆ ಉಳಿಯುವುದು 2,250 ರೂಪಾಯಿ.

ಇನ್ನೊಂದು ಕಡೆ, ಎಂಜಿನ್ ಪೂರ್ಣ ದುರಸ್ತಿಗೆ 90,000 ರೂಪಾಯಿ, ವಾಹನ ನಿಂತ 10 ದಿನಗಳಿಗೆ ದಿನಕ್ಕೆ 2,000 ರೂಪಾಯಿಯಂತೆ 20,000 ರೂಪಾಯಿ, ಒಟ್ಟು 1,10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಎಂಟು ವರ್ಷಗಳ ನಂತರ ಬರಬೇಕಾದ ಈ ಖರ್ಚು ಧೂಳಿನಿಂದ ನಾಲ್ಕನೆಯ ವರ್ಷದಲ್ಲೇ ಬಂದರೆ, ವರ್ಷದ ಹೊರೆ 13,750 ರೂಪಾಯಿಯಿಂದ 27,500 ರೂಪಾಯಿಗೆ ಏರುತ್ತದೆ. ಇದನ್ನು ತಪ್ಪಿಸಲು ವರ್ಷಕ್ಕೆ ಎರಡು ಉತ್ತಮ ಫಿಲ್ಟರ್, ಕೆಲವು ಕ್ಲಾಂಪು ಹಾಗೂ ಒಂದು ತಪಾಸಣೆಗೆ 2,500 ರೂಪಾಯಿ ಖರ್ಚಾದರೂ, 11,250 ರೂಪಾಯಿ ಉಳಿತಾಯವಾಗುತ್ತದೆ. ಉಳಿತಾಯದ ಮೂಲ ಡೀಸೆಲ್ ಟ್ಯಾಂಕಿನಲ್ಲಿ ಇಲ್ಲ, ಎಂಜಿನ್ನಿನ ಆಯುಷ್ಯದಲ್ಲಿದೆ.

ಮಿಲ್ಲಿನ ಯಂತ್ರಗಳಿಗೂ ಅನ್ವಯ

ಈ ಪಾಠ ವಾಹನಕ್ಕಷ್ಟೇ ಸೀಮಿತವಲ್ಲ. ದಾಲ್‌ಮಿಲ್ಲುಗಳ ಡೀಸೆಲ್ ಜನರೇಟರ್ ಹಾಗೂ ಬಣ್ಣದ ಆಧಾರದ ಮೇಲೆ ಕಾಳು ಬೇರ್ಪಡಿಸುವ ಯಂತ್ರಕ್ಕೆ ಗಾಳಿ ಒದಗಿಸುವ ಕಂಪ್ರೆಸರ್ ಇದೇ ಧೂಳಿನ ನಡುವೆ ದಿನವಿಡೀ ನಡೆಯುತ್ತವೆ. ಅವುಗಳ ಗಾಳಿಯ ಮೂತಿಯನ್ನು ಹೊಟ್ಟು ಬೀಳುವ ದಿಕ್ಕಿನಿಂದ ದೂರವಿರಿಸುವುದು, ವಾಹನಕ್ಕೆ ಹೇಳಿದ ಬಟ್ಟೆಯ ಪರೀಕ್ಷೆಯನ್ನು ಅವುಗಳಿಗೂ ಮಾಡುವುದು ಅಪೇಕ್ಷಣೀಯ.

ಪ್ರತಿ ವಾಹನಕ್ಕೂ ಒಂದು ಪುಟ ಮೀಸಲಿಟ್ಟು, ಫಿಲ್ಟರ್ ಬದಲಿಸಿದ ದಿನಾಂಕ, ಓಡಿದ ಕಿಲೋಮೀಟರ್, ಸೂಚಕದ ಅಂಕಿ ಹಾಗೂ ಆಯಿಲ್ ಖರ್ಚನ್ನು ಬರೆದಿಡುವ ಪದ್ಧತಿಯನ್ನು ಈ ಹಂಗಾಮಿನಿಂದಲೇ ಆರಂಭಿಸಬಹುದು. ಎರಡು ಹಂಗಾಮುಗಳ ದಾಖಲೆ ಕೈಯಲ್ಲಿದ್ದರೆ ಯಾವ ವಾಹನ ಧೂಳು ನುಂಗುತ್ತಿದೆ, ಯಾವ ಫಿಲ್ಟರ್ ಬೆಲೆಗೆ ತಕ್ಕ ಕೆಲಸ ಮಾಡಿದೆ ಎಂಬುದನ್ನು ಮಾಲೀಕರು ತಾವೇ ನಿರ್ಣಯಿಸಬಲ್ಲರು. ನಮ್ಮ ಭಾಗದ ರಸ್ತೆಗಳಲ್ಲಿ ಎಂಜಿನ್ನಿಗೆ ಬೇಕಾಗಿರುವುದು ಹೆಚ್ಚಿನ ಗಾಳಿಗಿಂತ ಶುದ್ಧವಾದ, ತಂಪಾದ, ಸೋರಿಕೆಯಿಲ್ಲದ ದಾರಿಯಿಂದ ಬರುವ ಗಾಳಿ.